ಅತ್ತೆ ಹಾಕಿದ ಬಾಗಿಲು

ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗಿನ ಹಳೆಯ ಶಾಲುಗಳ ಮಡಿಕೆ ಕೂಡ ಕೆಟ್ಟಿರಲಿಲ್ಲ. ಅವುಗಳ ನಡುವೆ, ಗಂಟೊಂದು ವರ್ಷಗಟ್ಟಲೆ ಕೂತಿದ್ದ ಕಡೆ, ಮುಷ್ಟಿಯಷ್ಟು ತಗ್ಗು ಮಾತ್ರ ಉಳಿದಿತ್ತು.

"ಅಮ್ಮನ ಒಡವೆ," ಎಂದ ಮನೆಯ ಹಿರಿಯ ಮಗ. "ಅಷ್ಟೂ ಹೋಯ್ತು ಮೇಡಂ. ಒಂದು ಉಂಗುರ ಕೂಡ ಬಿಟ್ಟಿಲ್ಲ."

ಇನ್‌ಸ್ಪೆಕ್ಟರಮ್ಮ ಬಗ್ಗಿ ನೋಡಿದಳು. ಬಗ್ಗುವುದೇನೋ ಸುಲಭವಾಯಿತು, ಏಳುವುದೇ ಕಷ್ಟವಾಯಿತು. ರಾತ್ರಿಯೆಲ್ಲ ಬಂದೋಬಸ್ತಿನಲ್ಲಿ ನಿಂತ ಕಾಲು. ಮನೆಗೆ ಹೋಗಿ ಒಂದು ಗಳಿಗೆ ಒರಗೋಣ ಎನ್ನುವಷ್ಟರಲ್ಲಿ ಈ ಕರೆ ಬಂದಿತ್ತು. ಠಾಣೆಯಲ್ಲಿ ಎಲ್ಲರೂ ಅವಳನ್ನು ಇನ್‌ಸ್ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಬೈಸಿಕೊಂಡ ದಿನ ಮನೆಯಲ್ಲಿ ಮಕ್ಕಳೂ ಹಾಗೇ ಕರೆಯುತ್ತಿದ್ದರು.

"ಪೆಟ್ಟಿಗೆಗೆ ಬೀಗ ಇರ್ಲಿಲ್ವಾ?"

"ಬೀಗ ಯಾಕೆ? ಅತ್ತೆ ಕೋಣೇಲಿರೋ ಪೆಟ್ಟಿಗೆ. ಕಾವಲಿಗೆ ಅತ್ತೇನೇ ಇದ್ದಾರಲ್ಲ." ಆಮೇಲೆ ದನಿ ತಗ್ಗಿಸಿದ. "ಇದ್ದರು ಅನ್ನಬೇಕು ಇನ್ನು ಮೇಲೆ."

ಅವನು ತಗ್ಗಿಸಿದ ದನಿ ಅಡುಗೆಮನೆಯ ತನಕ ಕೇಳಿಸುವಷ್ಟು ದೊಡ್ಡದಿತ್ತು. ಅಲ್ಲಿ, ಹಿತ್ತಿಲ ಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದಳು. ಅವನ ಸತ್ತುಹೋದ ಅಪ್ಪನ ಅಕ್ಕ. ಅಣ್ಣತಮ್ಮಂದಿರಿಬ್ಬರನ್ನೂ ಎತ್ತಿ ಆಡಿಸಿದವಳು. ಎರಡೂ ಕೈಯನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಮಾಡಲು ಕೆಲಸವಿಲ್ಲದೆ ಆ ಕೈಗಳಿಗೆ ಕೂರುವುದು ಗೊತ್ತಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು.

"ಮೊದಲಿಂದ ಹೇಳಿ," ಎಂದಳು ಇನ್‌ಸ್ಪೆಕ್ಟರಮ್ಮ.

ಹಿರಿಯವನು ಹೇಳಿದ. ಮನೆಯ ಮುಂಭಾಗದಲ್ಲಿ ಅವನ ಬೈಂಡಿಂಗ್ ಕಾರ್ಖಾನೆ. ಬೆರಳ ಸಂದಿಯಲ್ಲಿ ಒಣಗಿದ ಅಂಟು, ತೋಳಿನ ಮೇಲೆ ಕಾಗದದ ಧೂಳು. ಮಾತು ಮಾತ್ರ ಚೆನ್ನಾಗಿ ಹೊಲಿದು ಅಂಚು ಕತ್ತರಿಸಿದಂತೆ ಬರುತ್ತಿತ್ತು.

"ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಾವು ಮಲಗೋದು ಮೇಲೆ. ನೀರು ಕುಡಿಯೋಕೆ ಅಂತ ಕೆಳಗೆ ಬಂದೆ. ಹಿತ್ತಿಲ ಬಾಗಿಲು ಹಾರು ಹೊಡೆದಿದೆ! ಅತ್ತೆ ಕೋಣೇಲಿ ಗೊರಕೆ ಹೊಡೀತಿದ್ದಾರೆ. ಬಾಗಿಲಿಗೆ ಅಡ್ಡ ಹಾಕೋ ಮರ ನೆಲದ ಮೇಲೆ ಬಿದ್ದಿತ್ತು. ಕತ್ತಲಲ್ಲಿ ಎಡವಿದೆ. ಎತ್ತಿ ಮೂಲೆಗೆ ಒರಗಿಸಿದೆ."

"ಯಾವುದು?"

"ಅದೇ, ಅಲ್ಲಿದೆ ನೋಡಿ."

ಅಡುಗೆಮನೆಯ ಹಿತ್ತಿಲ ಬಾಗಿಲ ಮೂಲೆಯಲ್ಲಿ ಉದ್ದನೆಯ ಕೋಲೊಂದು ಗೋಡೆಗೊರಗಿ ನಿಂತಿತ್ತು. ಹಿಡಿದು ಹಿಡಿದು ನುಣುಪಾದ ಮರ. ತುದಿಯಲ್ಲಿ ಸಣ್ಣ ಕವಲು.

"ಆಗಲೇ ಯಾಕೆ ಕೂಗಲಿಲ್ಲ?"

"ಅತ್ತೆ ಮರೆತಿದ್ದಾರೆ ಅಂದ್ಕೊಂಡೆ. ಈಚೆಗೆ ಮರೀತಾರೆ. ಬಾಗಿಲು ಮುಂದೆ ಮಾಡಿ ಮೇಲೆ ಹೋದೆ. ತಿರುಗಿ ಬರೋ ಹೊತ್ತಿಗೆ ಅವರು ಎದ್ದು ಹಿತ್ತಿಲಲ್ಲಿ ಮುಖ ತೊಳೀತಿದ್ರು. ಯಾಕೋ ಮನಸ್ಸು ತಡೀಲಿಲ್ಲ, ಪೆಟ್ಟಿಗೆ ತೆಗೆದೆ — ಇದು ಕತೆ."

ಪೇದೆ ಬರೆದುಕೊಳ್ಳುತ್ತಿದ್ದ. ಅವನಿಗೆ ಮೀಸೆ ಎಂದು ಹೆಸರು. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಬೋಳಿಸಲು ಬಂದಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಅತ್ತೆಯ ಎದುರು ಕುಕ್ಕರುಗಾಲಿನಲ್ಲಿ ಕೂತಳು.

"ಅಜ್ಜಿ, ರಾತ್ರಿ ಬಾಗಿಲು ಹಾಕಿದ್ದು ಯಾರು?"

"ನಾನೇ ತಾಯಿ. ನಾನಲ್ಲದೆ ಇನ್ಯಾರು? ಅಗುಳಿ ಹಾಕಿಯೇ ಮಲಗಿದ್ದು."

"ಏನು ಹಾಕಿ?" ಎಂದ ಮೀಸೆ, ಪೆನ್ನು ನಿಲ್ಲಿಸಿ.

"ಅಗುಳಿ ಕಣಪ್ಪ."

"ಅದೇ ಸಾರ್, ಆ ಅಡ್ಡ ಮರ," ಹಿರಿಯವನು ನಡುವೆ ಬಾಯಿ ಹಾಕಿದ. "ಚಿಲಕ ಅಂತ ಬರ್ಕೊಳ್ಳಿ, ಸಾಕು. ಅತ್ತೆ ಆಡೋ ಅರ್ಧ ಮಾತು ನಮಗೇ ತಿಳಿಯಲ್ಲ. ಮೊನ್ನೆ ಗಿಂಡಿ ಎಲ್ಲಿ, ಗಿಂಡಿ ಎಲ್ಲಿ ಅಂತ ಮನೆಯೆಲ್ಲ ಹುಡುಕ್ತಿದ್ರು. ಯಾರಿಗ್ರೀ ಗೊತ್ತು ಗಿಂಡಿ?"

"ಮೂತಿ ಇರೋ ಚೊಂಬು," ಎಂದಳು ಅತ್ತೆ ಮೆಲ್ಲಗೆ.

"ಕೇಳಿಸ್ಕೊಂಡ್ರಾ? ಜಗ್ ಅನ್ನೋಕೆ ಬರಲ್ಲ ಇವರಿಗೆ!"

ಮೀಸೆ ಚಿಲಕ ಎಂದು ಬರೆದ. ಇನ್‌ಸ್ಪೆಕ್ಟರಮ್ಮ ಆ ಮಾತನ್ನು ಕೇಳಿಯೂ ಬಿಟ್ಟುಬಿಟ್ಟಳು. ಕಣ್ಣು ಉರಿಯುತ್ತಿತ್ತು. ಒಂದು ಪದ ಹೆಚ್ಚಾದರೇನು, ಕಡಿಮೆಯಾದರೇನು.

"ಹಾಕಿದ್ದು ನೆನಪಿದೆಯಾ ಅಜ್ಜಿ? ಖಂಡಿತವಾಗಿ?"

ಅತ್ತೆ ಬಾಯಿ ತೆರೆದಳು. ಮಡಿಲಲ್ಲಿದ್ದ ಕೈಗಳನ್ನು ತಿರುವಿ ನೋಡಿಕೊಂಡಳು.

"ಹಾಕಿದ ಹಾಗೇ ಇದೆ. ಬೆಳಗ್ಗೆ ತೆಗೆದ ಹಾಗೂ ಇದೆ. ಆದ್ರೆ ಅದು ಇವತ್ತಿನದೋ, ನಿನ್ನೆದೋ... ದಿನಾ ಹಾಕೋದು, ದಿನಾ ತೆಗೆಯೋದು. ಎಲ್ಲಾ ರಾತ್ರೀನೂ ಒಂದೇ ಥರ ತಾಯಿ. ಆ ರಾಶಿಯಲ್ಲಿ ನಿನ್ನೆ ರಾತ್ರಿ ಯಾವುದು ಅಂತ ಹೇಗೆ ಆರಿಸಿಕೊಡ್ಲಿ? ಅವನು ಕಣ್ಣಾರೆ ನೋಡ್ದೆ ಅಂತಾನೆ. ಅವನು ಯಾಕೆ ಸುಳ್ಳು ಹೇಳ್ತಾನೆ? ನಾನೇ ಮರೆತೆನೋ ಏನೋ."

"ಅದಕ್ಕೇ ಹೇಳಿದ್ದು," ಎಂದ ಹಿರಿಯವನು. "ವೃದ್ಧಾಶ್ರಮದವರ ಹತ್ರ ಮಾತಾಡಿದ್ದೀನಿ ಮೇಡಂ. ಮಧ್ಯಾಹ್ನ ಕರ್ಕೊಂಡು ಹೋಗ್ತಾರೆ. ಇವತ್ತು ಬಾಗಿಲು ಮರೆತ್ರು, ನಾಳೆ ಒಲೆ ಮರೆತ್ರೆ? ಮನೆಯೇ ಸುಟ್ಟುಹೋಗುತ್ತೆ. ಅವರ ಒಳ್ಳೇದಕ್ಕೇ ಹೇಳ್ತಿರೋದು."

ಅತ್ತೆ ತಲೆಯಾಡಿಸಿದಳು. ಹೋಗಬೇಕಾದವಳು ತಾನೇ ಹೌದು ಎನ್ನುವ ಹಾಗೆ. ಅದನ್ನು ನೋಡಿ ಇನ್‌ಸ್ಪೆಕ್ಟರಮ್ಮನಿಗೆ ಎಲ್ಲೋ ಚುರುಕ್ಕೆಂದಿತು. ಒಡವೆ ಕಳೆದುಕೊಂಡವರನ್ನು ಅವಳು ಬೇಕಾದಷ್ಟು ನೋಡಿದ್ದಳು. ತನ್ನ ತಲೆಯ ಮೇಲೆ ತನಗಿದ್ದ ನಂಬಿಕೆಯನ್ನೇ ಹೀಗೆ ಕೂತಲ್ಲೇ ಕಳೆದುಕೊಳ್ಳುತ್ತಿರುವವರನ್ನು ನೋಡಿರಲಿಲ್ಲ.

"ಒಡವೆ ಅಲ್ಲಿರೋದು ಯಾರ್ಯಾರಿಗೆ ಗೊತ್ತಿತ್ತು?"

"ಮನೆಯವರಿಗೆ. ಮತ್ತೆ — ನನ್ನ ತಮ್ಮನಿಗೆ." ತಮ್ಮ ಮನೆಯವನಲ್ಲ ಎಂಬಂತೆ ಹೇಳಿದ. "ಅಮ್ಮ ಹೋದ ಮೇಲೆ ಅದನ್ನ ಇವತ್ತು ಪಾಲು ಮಾಡಬೇಕಿತ್ತು. ರಾತ್ರಿ ಅವನು ಇಲ್ಲೇ ಹಿಂದಿನ ಓಣಿಯಲ್ಲಿದ್ದ. ನಾನೇನೂ ಹೇಳಲ್ಲ. ನೀವೇ ವಿಚಾರಿಸಿ."

ತಮ್ಮ ಹಿತ್ತಿಲ ಗೋಡೆಯ ಮೇಲೆ ಕೂತು ಹಲ್ಲುಕಡ್ಡಿ ಅಗಿಯುತ್ತಿದ್ದ. ಊರೂರಿಗೆ ಸಾಮಾನು ಸಾಗಿಸುವ ವ್ಯಾನು ಅವನದು. ಅದು ಗೋಡೆಯಾಚೆಯೇ ನಿಂತಿತ್ತು.

"ರಾತ್ರಿ ಎಲ್ಲಿ ಮಲಗಿದ್ದೆ?"

"ಗಾಡಿಯಲ್ಲಿ."

"ಮನೆ ಇರುವಾಗ?"

"ಮನೇಲಿ ಮಲಗಿದ್ರೆ ಎದ್ದ ತಕ್ಷಣ ಅಣ್ಣನ ಮುಖ ನೋಡಬೇಕಲ್ಲ ಮೇಡಂ."

"ಜಗಳ?"

"ಜಗಳ ಏನಿಲ್ಲ. ಅವನು ಮಾತಾಡ್ತಾನೆ, ನಾನು ಕೇಳ್ತೀನಿ. ರಾತ್ರಿ ಬಾಟಲಿಗೆ ನೀರು ಹಿಡಿಯೋಕೆ ಹಿತ್ತಿಲಿಗೆ ಇಳಿದಿದ್ದೆ. ಅತ್ತೆ ಎಚ್ಚರ ಇದ್ರೆ ಮಾತಾಡಿಸೋಣ ಅಂತ ಬಾಗಿಲು ತಳ್ಳಿದೆ. ಅಲ್ಲಾಡಲಿಲ್ಲ. ಬಂಡೆ ಥರ ನಿಂತಿತ್ತು."

"ಇದಕ್ಕೆ ಸಾಕ್ಷಿ?"

"ನಾನೇ."

"ಚೆನ್ನಾಗಿದೆ."

ಒಳಗಿನಿಂದ ಅಣ್ಣನ ದನಿ ತೂರಿ ಬಂತು. "ಕೇಳಿದ್ರಾ ಮೇಡಂ? ಬಾಗಿಲ ತನಕ ಬಂದಿದ್ದೆ ಅಂತ ಅವನ ಬಾಯಿಂದಲೇ ಬಂತು! ಬಂದ, ತೆರೆದಿತ್ತು, ಒಳಗೆ ಹೋದ!"

ತಮ್ಮ ಹಲ್ಲುಕಡ್ಡಿ ಉಗಿದ. "ತೆರೆದಿದ್ರೆ ಅತ್ತೇನ ಎಬ್ಬಿಸಿ ಊಟ ಕೇಳ್ತಿದ್ದೆ, ಒಡವೆ ಅಲ್ಲ."

ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದರು. ಬಾಗಿಲು ತೆರೆದಿತ್ತು ಎನ್ನುವವನು ಒಬ್ಬ, ಹಾಕಿತ್ತು ಎನ್ನುವವನು ಒಬ್ಬ. ಹಾಕಿದವಳಿಗೇ ಗೊತ್ತಿಲ್ಲ. ಬಾಗಿಲಿಗೆ ಬಾಯಿಲ್ಲ. ಇನ್‌ಸ್ಪೆಕ್ಟರಮ್ಮ ಹೊಸ್ತಿಲ ಮೇಲೆ ನಿಂತು ಹಣೆ ಒತ್ತಿಕೊಂಡಳು.

ಅಷ್ಟರಲ್ಲಿ ಹಿರಿಯವನ ಹೆಂಡತಿ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದಳು. ಯಾರ ಕಡೆಗೂ ನೋಡದೆ ಮೂಲೆಗೆ ಕೈ ಚಾಚಿ ಕೋಲನ್ನು ತೆಗೆದುಕೊಂಡು ಹಿತ್ತಿಲಿಗೆ ಹೊರಟಳು.

"ಅಮ್ಮಾ! ಅಮ್ಮಾ!" ಮೀಸೆ ಹೌಹಾರಿದ. "ಮುಟ್ಟಬೇಡಿ! ಅದು ಸಾಕ್ಷಿ!"

"ಇದಾ?" ಎಂದಳು ಅವಳು.

ಕೋಲನ್ನು ನೋಡಿದಳು. ಗಂಡನನ್ನು ನೋಡಿದಳು.

"ಇಡು ಅಲ್ಲಿ," ಎಂದ ಅವನು. "ಪೊಲೀಸಿನವರ ಕೆಲಸ ಮುಗೀಲಿ."

ಅವಳು ಇಟ್ಟಳು. ಬುಟ್ಟಿಯನ್ನೂ ಅಲ್ಲೇ ಇಳಿಸಿ, ಸೊಂಟ ನೇವರಿಸಿಕೊಂಡು ಒಳಗೆ ಹೋದಳು. ಹಿತ್ತಿಲಲ್ಲಿ, ತಲೆಗಿಂತ ಎಷ್ಟೋ ಎತ್ತರದಲ್ಲಿ ಬಟ್ಟೆಯ ತಂತಿ ಖಾಲಿಯಾಗಿ ಗಾಳಿಗೆ ತೂಗುತ್ತಿತ್ತು.

"ನೀವು ಯಾವತ್ತಾದ್ರೂ ಈ ಬಾಗಿಲು ಹಾಕಿದ್ದೀರಾ?" ಇನ್‌ಸ್ಪೆಕ್ಟರಮ್ಮ ಅವಳ ಬೆನ್ನ ಹಿಂದೆಯೇ ಕೇಳಿದಳು.

"ಅತ್ತೆ ಹಾಕ್ತಾರೆ," ಎಂದಿತು ಬೆನ್ನು. "ಎಲ್ಲರಿಗಿಂತ ಕೊನೆಗೆ ಮಲಗೋದು ಅವರು, ಮೊದಲು ಏಳೋದು ಅವರು. ನಾವೆಲ್ಲ ಬಂದು ನೋಡುವಾಗ ಬಾಗಿಲು ತೆರೆದೇ ಇರುತ್ತೆ."

ಆಗ ಫೋನು ಬಡಿದುಕೊಂಡಿತು. ಮನೆಯಿಂದ. ಮಗಳು.

"ಅಮ್ಮಾ, ನೀನು ಬೈಬಾರದು."

"ಬೈಯಲ್ಲ. ಏನಾಯ್ತು?"

"ರಾತ್ರಿ ನಮ್ಮನೆ ಬಾಗಿಲು ಹಾಕೇ ಇಲ್ಲ. ಅಪ್ಪ ಎಷ್ಟು ತಳ್ಳಿದ್ರೂ ಮೇಲಿನ ಚಿಲಕ ಕೂರ್ಲಿಲ್ಲ. ಕೆಟ್ಟುಹೋಗಿದೆ ಅಂತ ಕುರ್ಚಿ ಅಡ್ಡ ಇಟ್ಟು ಮಲಗಿದ್ರು. ಬಡಗಿಯನ್ನ ಕರೀಲಾ ಅಂತ ಕೇಳ್ತಿದ್ದಾರೆ."

"ಕೆಟ್ಟಿಲ್ಲ. ಬಾಗಿಲು ಸ್ವಲ್ಪ ಎತ್ತಿ ಹಿಡಿದು ತಳ್ಳಬೇಕು. ಮೊದಲಿಂದಲೂ ಹಾಗೇ."

"ಮೊದಲಿಂದಲೂನಾ? ಅಪ್ಪಂಗೆ ಗೊತ್ತೇ ಇಲ್ಲ!"

"ಹೇಗೆ ಗೊತ್ತಿರುತ್ತೆ," ಎಂದಳು ಇನ್‌ಸ್ಪೆಕ್ಟರಮ್ಮ. "ದಿನಾ ಹಾಕೋಳು ನಾನು."

ಹೇಳಿ, ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಳು. "ಅಮ್ಮಾ? ಅಮ್ಮಾ?" ಎನ್ನುತ್ತಲೇ ಇತ್ತು ಅದು. ನಿಧಾನವಾಗಿ ಜೇಬಿಗೆ ಹಾಕಿದಳು. ಆಮೇಲೆ ಹಿತ್ತಿಲ ಬಾಗಿಲ ಕಡೆ ತಿರುಗಿದಳು.

ಎರಡು ರೆಕ್ಕೆಯ ಹಳೆಯ ಬಾಗಿಲು. ಎರಡೂ ರೆಕ್ಕೆ ಒಳಕ್ಕೆ ತೆರೆದು ಗೋಡೆಗೆ ಅಂಟಿಕೊಂಡಿದ್ದವು. ಬಂದಾಗಿನಿಂದ ಹಾಗೇ ಇದ್ದವು. ಅವಳು ಬಲಗಡೆಯ ರೆಕ್ಕೆಯನ್ನು ಹಿಡಿದು ಗೋಡೆಯಿಂದ ಒಂದು ಮೊಳ ಎಳೆದು, ಅದರ ಹಿಂದೆ ಇಣುಕಿದಳು. ಸ್ವಲ್ಪ ಹೊತ್ತು ಇಣುಕಿಯೇ ಇದ್ದಳು. ಆಮೇಲೆ ಮೊದಲಿನಂತೆ ಗೋಡೆಗೆ ಸರಿಸಿಬಿಟ್ಟಳು.

"ಮೀಸೆ, ಎಲ್ಲರನ್ನೂ ಕರಿ."

ನಾಲ್ವರೂ ಅಡುಗೆಮನೆಯಲ್ಲಿ ಸೇರಿದರು. ಹಿರಿಯವನು ಗಡಿಯಾರ ನೋಡಿಕೊಂಡ. "ಮೇಡಂ, ಆಶ್ರಮದ ಗಾಡಿ ಬರೋ ಹೊತ್ತು —"

"ಬರ್ಲಿ. ನೀವು ಬೆಳಗ್ಗೆ ಕಂಡಿದ್ದನ್ನ ಕಂಡ ಹಾಗೇ ತೋರಿಸಿ. ಆ ಮರ ಎಲ್ಲಿ ಬಿದ್ದಿತ್ತು?"

ಅವನು ಕೋಲನ್ನು ತಂದು ಹೊಸ್ತಿಲಿಗೆ ಅಡ್ಡಲಾಗಿ ನೆಲದ ಮೇಲೆ ಇಟ್ಟ. "ಹೀಗೆ."

"ಇದೇ ಮರ? ಇದನ್ನೇ ಬಾಗಿಲಿಗೆ ಹಾಕೋದು?"

"ಇನ್ನೇನು ಹಾಕ್ತಾರೆ? ಚಿಕ್ಕಂದಿನಿಂದ ನೋಡಿದ್ದೀನಿ."

"ಹಾಗಾದ್ರೆ ಬಾಗಿಲು ಹಾಕಿ. ಅತ್ತೆ ದಿನಾ ಹಾಕೋ ಹಾಗೆ."

ಅವನು ಎರಡೂ ರೆಕ್ಕೆಯನ್ನು ಜೋಡಿಸಿದ. ಕೋಲನ್ನು ಎತ್ತಿದ. ಬಾಗಿಲಿಗೆ ಅಡ್ಡ ಹಿಡಿದ. ಹಿಡಿದೇ ನಿಂತ. ಸಿಕ್ಕಿಸಲು ಕೊಂಡಿಯಿಲ್ಲ. ಚೌಕಟ್ಟಿನಲ್ಲಿ ಕಚ್ಚು ಇಲ್ಲ, ಮೊಳೆಯಿಲ್ಲ. ಓರೆಯಾಗಿ ಒತ್ತಿದ, ಜಾರಿತು. ನೆಲಕ್ಕೂರಿ ಒರಗಿಸಿದ, ಕವಲಿನ ತುದಿ ಬಾಗಿಲ ಮೇಲೆ ಗೀರೆಳೆದು ಬಿತ್ತು.

"ಕೊಂಡಿ ಇತ್ತು," ಎಂದ. "ಕಿತ್ತುಹೋಗಿರಬೇಕು."

"ಯಾವಾಗ? ಇವತ್ತು ಬೆಳಗ್ಗೆ?"

ಅವನು ತಮ್ಮನ ಕಡೆ ನೋಡಿದ. ತಮ್ಮ ಭುಜ ಕುಣಿಸಿದ. "ನನ್ನ ಕೇಳಬೇಡ. ಅತ್ತೆ ಬಾಗಿಲು ಹಾಕೋ ಹೊತ್ತಿಗೆ ನಾವಿಬ್ರೂ ನಿದ್ದೆ ಹೋಗಿರ್ತಿದ್ವಿ."

"ಅಜ್ಜಿ," ಎಂದಳು ಇನ್‌ಸ್ಪೆಕ್ಟರಮ್ಮ. "ನೀವು ಹಾಕಿ."

ಅತ್ತೆ ಎದ್ದಳು. ಹೆದರಿಕೊಂಡೇ ಬಂದಳು, ಪರೀಕ್ಷೆಗೆ ಕರೆದವರ ಹಾಗೆ. ಬಾಗಿಲ ಮುಂದೆ ನಿಂತ ಮೇಲೆ ಮಾತ್ರ ಯೋಚಿಸಲಿಲ್ಲ. ಎಡಗೈಯಿಂದ ರೆಕ್ಕೆಗಳನ್ನು ಕೂಡಿಸಿದಳು, ಭುಜ ಕೊಟ್ಟು ಒತ್ತಿದಳು. ಬಲಗೈ ತನ್ನ ಪಾಡಿಗೆ ಪಕ್ಕದ ಗೋಡೆಗೆ ಹೋಯಿತು. ಕೈ ಹೋದ ಕಡೆ ಕಣ್ಣು ಹೋಗಲಿಲ್ಲ. ಅಷ್ಟು ಹೊತ್ತೂ ತೆರೆದ ರೆಕ್ಕೆ ಮುಚ್ಚಿಕೊಂಡಿದ್ದ ಜಾಗದಲ್ಲಿ, ಸೊಂಟದೆತ್ತರಕ್ಕೆ, ಚೌಕಾಕಾರದ ತೂತೊಂದಿತ್ತು. ಬೆರಳು ಅದರೊಳಗೆ ಹೋಗಿ ಕೊಕ್ಕೆಯಾಗಿ ಎಳೆಯಿತು.

ಗೋಡೆಯೊಳಗಿನಿಂದ ಮರ ಹೊರಟಿತು. ತೋಳಿನ ಗಾತ್ರದ ಮರ, ಕಪ್ಪಗೆ, ಕೈಯ ಜಿಡ್ಡಿಗೆ ಮಿರುಗುತ್ತ, ಗರಗರ ಸದ್ದು ಮಾಡುತ್ತ, ಎರಡೂ ರೆಕ್ಕೆಯ ಬೆನ್ನಿಗೆ ಅಡ್ಡಲಾಗಿ ಸಾಗಿ ಎದುರು ಗೋಡೆಯ ತೂತಿನಲ್ಲಿ ಧಡ್ ಎಂದು ಕೂತಿತು.

"ಅಗುಳಿ," ಎಂದಳು ಅತ್ತೆ.

ಮೀಸೆ ಹೋಗಿ ಎರಡೂ ಕೈಯಲ್ಲಿ ಹಿಡಿದು ಜಗ್ಗಿದ.

"ಇದನ್ನ ಹೊರಗೆ ತೆಗೆಯೋದು ಹೇಗೆ ಅಜ್ಜಿ?"

"ಬರಲ್ಲಪ್ಪ. ಗೋಡೆ ಕಟ್ಟುವಾಗಲೇ ಒಳಗಿಟ್ಟು ಕಟ್ಟಿರೋದು. ಹಾಕಿದ್ರೆ ಆ ಕಡೆ, ತೆಗೆದ್ರೆ ಈ ಕಡೆ. ಬೇಕೇ ಬೇಕು ಅಂದ್ರೆ ಗೋಡೆ ಒಡೀಬೇಕು."

"ಹಾಗಾದ್ರೆ," ಇನ್‌ಸ್ಪೆಕ್ಟರಮ್ಮ ಹಿರಿಯವನ ಕಡೆ ತಿರುಗಿದಳು, "ನೀವು ಎಡವಿದ್ದು ಯಾವುದನ್ನ?"

"ಕತ್ತಲಿತ್ತು... ಆ ಕೋಲೇ ಬಿದ್ದಿರಬಹುದು..."

"ಕೋಲು ಬಟ್ಟೆ ಒಣಹಾಕೋದು. ನಿಮ್ಮ ಹೆಂಡತಿಗೆ ಅದು ಗೊತ್ತು. ನಿಮ್ಮ ಮುಖ ನೋಡಿ ಸುಮ್ಮನಾದ್ರು. ಬಾಗಿಲಿಗೆ ಅಡ್ಡ ಹಾಕೋ ಮರ ಬಿದ್ದಿತ್ತು ಅಂದ್ರಿ. ಎತ್ತಿ ಒರಗಿಸಿದೆ ಅಂದ್ರಿ. ಈ ಮನೆಯಲ್ಲಿ ಅಂಥ ಮರವೇ ಇಲ್ಲ. ಇರೋ ಅಗುಳಿ ನೆಲಕ್ಕೆ ಬೀಳಲ್ಲ. ಹೊರಗಿನವರ ಕೈಗೆ ಸಿಗಲ್ಲ. ಬಾಗಿಲು ತೆರೆದಿದ್ರೆ ಗೋಡೆಯೊಳಗೆ ಅಡಗಿರುತ್ತೆ, ಕಣ್ಣಿಗೇ ಬೀಳಲ್ಲ. ನಿಜವಾಗಿ ತೆರೆದ ಬಾಗಿಲು ಕಂಡವನು ನೆಲದ ಮೇಲೆ ಏನೂ ಇರಲಿಲ್ಲ ಅಂತಿದ್ದ. ನೀವು ತೆರೆದ ಬಾಗಿಲು ಕಾಣಲೇ ಇಲ್ಲ."

"ನಾನು ಈ ಮನೇಲಿ ಹುಟ್ಟಿ ಬೆಳೆದವನು!"

"ಹೌದು. ಈ ಬಾಗಿಲನ್ನ ಒಂದು ದಿನವೂ ಹಾಕದೆ ಬೆಳೆದವರು. ಏನೋ ಮರದ್ದು, ಅಡ್ಡಕ್ಕೆ ಹಾಕ್ತಾರೆ ಅನ್ನೋಷ್ಟು ನೆನಪಿತ್ತು. ಮೂಲೆಯಲ್ಲಿ ಕೋಲು ಕಂಡಿತು, ಅದೇ ಇದು ಅಂದ್ಕೊಂಡ್ರಿ. ಅತ್ತೆ ಅದರ ಹೆಸರು ಹೇಳಿದ್ರು. ನೀವು ಅರಳುಮರಳು ಅಂದ್ರಿ. ಇವನು ಚಿಲಕ ಅಂತ ಬರ್ಕೊಂಡ. ನಾನೂ ಸುಮ್ಮನಿದ್ದೆ. ಆಗಲೇ ಅಗುಳಿ ಅಂದ್ರೆ ಏನಜ್ಜಿ, ತೋರಿಸಿ ಅಂದಿದ್ರೆ ಇಷ್ಟು ಹೊತ್ತಿಗೆ ನಾನು ಮನೇಲಿ ನಿದ್ದೆ ಮಾಡ್ತಿದ್ದೆ."

ಅವಳಿಗೆ ದನಿ ಏರಿಸಲೂ ಶಕ್ತಿಯಿರಲಿಲ್ಲ. ಅದೇ ದಣಿದ ದನಿಯಲ್ಲಿ ಮುಂದುವರಿಸಿದಳು.

"ರಾತ್ರಿ ಅತ್ತೆ ನಿದ್ದೆ ಹೋದ ಮೇಲೆ ಗಂಟು ತೆಗೆದವರು ನೀವು. ಬಾಗಿಲು ಭದ್ರವಾಗಿಯೇ ಇತ್ತು — ನಿಮ್ಮ ತಮ್ಮ ತಳ್ಳಿ ನೋಡಿದ್ದಾನೆ. ಬೆಳಗ್ಗೆ ಅತ್ತೆ ಎದ್ದು ದಿನದ ಹಾಗೆ ಅಗುಳಿ ತೆಗೆದು ಮುಖ ತೊಳೆಯೋಕೆ ಹೋದ್ರು. ಆಮೇಲೆ ನೀವು ಬರೀ ಬಾಯಿಮಾತಲ್ಲಿ ಬಾಗಿಲು ತೆರೆದ್ರಿ. ದಿನಾ ಮಾಡೋ ಕೆಲಸ ಯಾರಿಗೂ ಬಿಡಿಬಿಡಿಯಾಗಿ ನೆನಪಿರಲ್ಲ. ನೀನು ಮರೆತೆ ಅಂದ್ರೆ ಸಾಕು, ಅವರೇ ನಂಬ್ತಾರೆ ಅಂತ ನಿಮಗೆ ಗೊತ್ತಿತ್ತು. ಒಡವೆ ಎಲ್ಲಿ?"

ಹಿರಿಯವನು ಬುಟ್ಟಿಯ ಪಕ್ಕ ನೆಲದ ಮೇಲೆ ಕುಸಿದ.

"ಅಂಟಿನ ಡಬ್ಬದಲ್ಲಿ," ಎಂದ. "ದೊಡ್ಡದರಲ್ಲಿ."

ಮೀಸೆ ಕಾರ್ಖಾನೆಗೆ ಓಡಿದ. ಸ್ವಲ್ಪ ಹೊತ್ತಿಗೆ ಮೊಣಕೈ ತನಕ ಅಂಟು ಮೆತ್ತಿಕೊಂಡು, ಲೋಳೆ ಸುರಿಯುವ ಗಂಟೊಂದನ್ನು ಮುಂದಕ್ಕೆ ಚಾಚಿ ಹಿಡಿದು ಬಂದ. ಎಲ್ಲಿ ಇಡುವುದೆಂದು ತಿಳಿಯದೆ, ಇಡಹೋದರೆ ಅದು ಕೈ ಬಿಡದೆ, ಒದ್ದಾಡಿದ.

"ಅಮ್ಮ ಹಾಸಿಗೆ ಹಿಡಿದಾಗ ನೋಡ್ಕೊಂಡಿದ್ದು ನಾನು," ಹಿರಿಯವನು ನೆಲ ನೋಡುತ್ತ ಹೇಳಿದ. "ಮಲ ಮೂತ್ರ ಬಳಿದಿದ್ದು ನಾನು, ಇವಳು. ಅವನು ಗಾಡಿ ಹತ್ತಿ ಹೋದ. ಬಂದು ಅರ್ಧ ಕೊಡು ಅಂತಾನೆ. ಯಾವ ನ್ಯಾಯ ಮೇಡಂ ಇದು? ನನಗೂ ಸಾಕಾಗಿದೆ."

ಸಾಕಾಗುವುದು ಎಂದರೇನೆಂದು ಇನ್‌ಸ್ಪೆಕ್ಟರಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅದನ್ನ ಅವನ ಮುಖಕ್ಕೆ ಹೇಳಬಹುದಿತ್ತು," ಎಂದಳು. "ಅತ್ತೆಗೆ ತಲೆ ಕೆಟ್ಟಿದೆ ಅಂತ ಅತ್ತೆಗೇ ಯಾಕೆ ನಂಬಿಸಿದ್ರಿ?"

ಅವನು ಅತ್ತೆಯ ಕಡೆ ತಿರುಗಿದ. "ಅತ್ತೆ, ಕೇಸು ಬೇಡ ಅಂತ ಹೇಳಿ. ನೀವು ಹೇಳಿದ್ರೆ ಬಿಡ್ತಾರೆ. ಮನೆ ಮಾತು ಮನೇಲೇ ಇರ್ಲಿ."

ಅತ್ತೆ ಒಡವೆಯ ಗಂಟನ್ನು ನೋಡಿರಲಿಲ್ಲ. ಅವನನ್ನೂ ನೋಡಲಿಲ್ಲ. ಅವಳ ಅಂಗೈ ಇನ್ನೂ ಅಗುಳಿಯ ಮೇಲೆಯೇ ಇತ್ತು.

"ಹಾಗಾದ್ರೆ ನಾನು ಮರೆತಿರಲಿಲ್ವಾ ತಾಯಿ?"

"ಇಲ್ಲ ಅಜ್ಜಿ."

"ರಾತ್ರಿ ಹಾಕಿದ್ದೆ. ಬೆಳಗ್ಗೆ ನಾನೇ ತೆಗೆದೆ."

"ಹೌದು."

ಅತ್ತೆ ದೀರ್ಘವಾಗಿ ಉಸಿರು ಬಿಟ್ಟಳು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಮೀಸೆಯ ಎದುರು ನೆಟ್ಟಗೆ ಕೂತಳು.

"ಕೈ ತೊಳ್ಕೊಂಡು ಬಾರಪ್ಪ. ಬರ್ಕೊ. ಅವನದು ಆಮೇಲೆ ಬರೀವಿಯಂತೆ, ಮೊದಲು ನಂದು ಬರಿ."

"ಅತ್ತೆ —" ಎಂದ ಹಿರಿಯವನು.

"ನೀನು ಸುಮ್ಮನಿರು. ಬೆಳಗ್ಗಿಂದ ನೀನೇ ಮಾತಾಡಿದ್ದೀಯ."

ಮೀಸೆ ಕೈ ತೊಳೆದು ಬಂದು ಪೆನ್ನು ಹಿಡಿದ.

"ಚಿಲಕ ಅಂತ ಬರೆದಿದ್ದೀಯಲ್ಲ, ಅದನ್ನ ಹೊಡೆದುಹಾಕು."

ಹೊಡೆದುಹಾಕಿದ.

"ರಾತ್ರಿ ನಾನು ಅಗುಳಿ ಹಾಕಿಯೇ ಮಲಗಿದ್ದೆ ಅಂತ ಬರಿ."

ಬರೆದ.

"ಓದು."

ಅವನು ಓದಿದ. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇನ್ನೊಂದು ಸಲ ಓದಪ್ಪ," ಎಂದಳು.